ನಾಲ್ಕು ಬೆರಳಗಲ ತೊಗಟೆ

ನಮ್ಮ ಮನೆಯಲ್ಲಿ ಬಾಗಿಲಿದ್ದ ಕೋಣೆ ಒಂದೇ. ಹಳೇಕೋಟೆಯಿಂದ ಎರಡು ಮೈಲಿ ಒಳಗಿದ್ದ ಊರು ನಮ್ಮದು. ಹೆಂಚಿನ ಮನೆ, ಎದುರಿಗೆ ಜಗಲಿ, ಒಳಗೆ ಕಾಲಿಟ್ಟರೆ ನಡುಮನೆ, ಅದರ ಒಂದು ಮಗ್ಗುಲಿಗೆ ದನದ ಕೊಟ್ಟಿಗೆ, ಇನ್ನೊಂದು ಮಗ್ಗುಲಿಗೆ ಅಡುಗೆಮನೆ. ಅಡುಗೆಮನೆಗೆ ಅಂಟಿಕೊಂಡಿದ್ದ ಆ ಒಂದು ಕೋಣೆಯಲ್ಲಿ ರಾಗಿ ತುಂಬಿದ ಮಣ್ಣಿನ ವಾಡೆಗಳು, ಬಿತ್ತನೆಯ ಹುರುಳಿ, ಅಜ್ಜಿಯ ತಗಡಿನ ಪೆಟ್ಟಿಗೆ ಇದ್ದವು. ಚಿಕ್ಕಪ್ಪನಿಗೆ ಮದುವೆಯಾದಾಗ ವಾಡೆಗಳನ್ನು ಗೋಡೆಗೆ ಒತ್ತರಿಸಿ, ಉಳಿದ ಜಾಗವನ್ನು ಅವನಿಗೂ ಚಿಕ್ಕಮ್ಮನಿಗೂ ಬಿಟ್ಟುಕೊಟ್ಟರು. ಅಪ್ಪ, ಅವ್ವ, ಅಜ್ಜಿ, ನಾನು ನಡುಮನೆಯಲ್ಲಿ ಸಾಲಾಗಿ ಮಲಗುತ್ತಿದ್ದೆವು. ಬೆಳಕು ಹರಿಯುತ್ತಿದ್ದ ಹಾಗೆ ಅಜ್ಜಿ ಮೊರ ಹಿಡಿದು ಆ ಬಾಗಿಲು ತಟ್ಟಿ ರಾಗಿ ತೆಗೆಯಲು ಒಳಗೆ ನಡೆಯುತ್ತಿದ್ದಳು. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿ ಹೊರಗೆ ಬರುತ್ತಿದ್ದಳು. ಅದರಲ್ಲಿ ಏನಾದರೂ ತಪ್ಪಿದೆ ಎಂದು ನನಗೆ ಆಗ ಅನ್ನಿಸಿರಲಿಲ್ಲ. ಮನೆಯಲ್ಲಿ ಅದನ್ನು ತಪ್ಪು ಎಂದವನು ಚಿಕ್ಕಪ್ಪ ಒಬ್ಬನೇ.

ಹಿತ್ತಿಲಲ್ಲಿ ಒಂದು ಚಕ್ಕೋತದ ಮರವಿತ್ತು. ಅಪ್ಪನಿಗೂ ಚಿಕ್ಕಪ್ಪನಿಗೂ ನಡುವೆ ಹುಟ್ಟಿದ ಅತ್ತೆಯೊಬ್ಬಳಿದ್ದಳಂತೆ, ಗೌರಿ ಎಂದು. ಅವಳನ್ನು ಅರಕಲಗೂಡಿನ ಕಡೆಗೆ ಕೊಟ್ಟಿದ್ದರು. ಮದುವೆಯಾದ ಮೊದಲ ವರ್ಷ ತವರಿಗೆ ಬರುವಾಗ ಒಂದು ಸಸಿ ತಂದು, ಬಚ್ಚಲ ನೀರು ಹರಿಯುವ ಕಡೆ ತಾನೇ ಗುಂಡಿ ತೋಡಿ ನೆಟ್ಟಿದ್ದಳು. ಮರುವರ್ಷ ಹೆರಿಗೆಯಲ್ಲಿ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ನಾನು ಹುಟ್ಟುವ ಹೊತ್ತಿಗೆ ಆ ಸಸಿ ಕಾಯಿ ಬಿಡುವ ಮರವಾಗಿತ್ತು. ಅಜ್ಜಿ ಅದನ್ನು ಮರ ಎಂದು ಕರೆದಿದ್ದು ನನಗೆ ನೆನಪಿಲ್ಲ, ಗೌರಿ ಎಂದೇ ಕರೆಯುತ್ತಿದ್ದಳು. ಬೇಸಗೆಯಲ್ಲಿ ತಾನು ಮುಖ ತೊಳೆಯುವ ಮೊದಲು ಅದರ ಬುಡಕ್ಕೆ ಒಂದು ಬಿಂದಿಗೆ ನೀರು ಹಾಕುತ್ತಿದ್ದಳು. ಕಾಯಿ ಹಣ್ಣಾದಾಗ ಸಿಪ್ಪೆ ಸುಲಿದು, ತೊಳೆಗಳನ್ನು ಬಿಡಿಸಿ, ಉಪ್ಪು ಕಾರ ಸವರಿ ನಮ್ಮೆಲ್ಲರ ಕೈಗೆ ಕೊಡುತ್ತಿದ್ದಳು. ಅವಳು ಮಾತ್ರ ತಿನ್ನುತ್ತಿರಲಿಲ್ಲ.

ಚಿಕ್ಕಪ್ಪನಿಗೆ ಕೋಣೆ ಬೇಕಿತ್ತು. ಹಿತ್ತಿಲಲ್ಲಿ ಕೋಣೆ ಹಾಕುವಷ್ಟು ಸಮತಟ್ಟಾದ ಜಾಗ ಇದ್ದಿದ್ದು ಆ ಮರದ ಕೆಳಗೆ ಮಾತ್ರ. ಚಿಕ್ಕಮ್ಮನಿಗೆ ಏಳು ತಿಂಗಳಾಗಿ ಬಾಣಂತನಕ್ಕೆ ತವರಿಗೆ ಕಳುಹಿಸಿದ ದಿನ, ಊಟದ ಹೊತ್ತಿನಲ್ಲಿ ಅವನು ಮಾತು ತೆಗೆದ. ಅಪ್ಪ ಮುದ್ದೆ ಮುರಿಯುತ್ತಿದ್ದ. ಅಪ್ಪ ಎಲ್ಲ ಜಗಳದಲ್ಲೂ ಸುಮ್ಮನೇ ಇರುತ್ತಿದ್ದ.

“ಇತ್ಲಲ್ಲಿ ಒಂದು ಕ್ವಾಣೆ ಆಕ್ಕತೀನಿ ಕಣವ್ವ. ಮಗ ಎತ್ಕೊಂಡು ಬಂದ್ಮೇಲೆ ಆ ವಾಡೆ ಸಂದೀಲಿ ಎಂಗೆ ಮಲಗಾದು?”

“ಆಕ್ಕೋ. ಯಾರ್ ಬ್ಯಾಡ ಅಂದ್ರು? ಗೌರಿನ ಮುಟ್ಬ್ಯಾಡ ಅಷ್ಟೇಯ.”

“ಅದ್ನ ತೆಗೀದೆ ಜಾಗ ಎಲ್ಲವ್ವ ಐತೆ?”

“ಅಂಗಾರೆ ನಾನ್ ಸತ್ ಮ್ಯಾಲೆ ಆಕ್ಕೋ.”

ಚಿಕ್ಕಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಬಾಗಿಲ ಹತ್ತಿರ ನಿಂತು ಹೇಳಿದ ಮಾತನ್ನು ನಾವೆಲ್ಲರೂ ಕೇಳಿಸಿಕೊಂಡೆವು.

“ನೋಡ್ತಾ ಇರು, ಒಂದಿನ ಆ ಮರಾನೇ ಇರಾಕಿಲ್ಲ.”

ಅದು ಸಿಟ್ಟಿನ ಮಾತು. ಸಂಜೆ ಹೊತ್ತಿಗೆ ಅವನೇ ಮರೆತು, ಕಡಲೆಕಾಯಿ ಹುರಿದು ಅಜ್ಜಿಯ ಮಡಿಲಿಗೆ ಹಾಕುತ್ತಿದ್ದ. ಮನೆಯಲ್ಲಿ ನನ್ನನ್ನು ಓದಿಸಬೇಕೆಂದು ಹಟ ಹಿಡಿದಿದ್ದವನೂ ಅವನೇ. ಏಳನೇ ಕ್ಲಾಸು ಮುಗಿದಾಗ ಅಜ್ಜಿ, “ಎಣ್ಮಗ ಓದಿ ಯಾವ್ ಕಚೇರಿ ಕಟ್ಬೇಕು, ಸಾಕು” ಎಂದಿದ್ದಳು. ಚಿಕ್ಕಪ್ಪ, “ಸೈಕಲ್ಲಲ್ಲಿ ನಾನು ಬುಟ್ಟು ಬತ್ತೀನಿ, ನಿಮ್ಗೇನು ಕಷ್ಟ” ಎಂದು ಮರುದಿನವೇ ನನ್ನನ್ನು ಕೂರಿಸಿಕೊಂಡು ಹೋಗಿ ಹಳೇಕೋಟೆಯ ಹೈಸ್ಕೂಲಿಗೆ ಸೇರಿಸಿ ಬಂದ. ದಿನಾ ಬೆಳಿಗ್ಗೆ ನಾಲೆಯ ಏರಿ ಮೇಲೆ ಅವನ ಸೈಕಲ್ಲಿನ ಹಿಂದೆ ಕೂತು ಹೋಗುತ್ತಿದ್ದೆ. ಅವನ ಬೆನ್ನಿಗೆ ಪುಸ್ತಕ ಆನಿಸಿಕೊಂಡು ಪಾಠ ಒಪ್ಪಿಸುತ್ತಿದ್ದೆ. ಅವನಿಗೆ ಅರ್ಥವಾಗದಿದ್ದರೂ, “ಇನ್ನೊಂದ್ಸಲ ಯೋಳು” ಎನ್ನುತ್ತಿದ್ದ.

ಆ ವರ್ಷ ನಮಗೆ ವಿಜ್ಞಾನ ಹೇಳಿಕೊಡಲು ಹಾಸನದಿಂದ ಒಬ್ಬ ಹೊಸ ಮೇಷ್ಟ್ರು ಬಂದಿದ್ದರು. ಅದುವರೆಗೆ ಯಾರೂ ನಮಗೆ ಏನನ್ನೂ ತೋರಿಸಿರಲಿಲ್ಲ. ಪುಸ್ತಕ ಓದಿಸುತ್ತಿದ್ದರು, ಪ್ರಶ್ನೆಗೆ ಉತ್ತರ ಬರೆಸುತ್ತಿದ್ದರು. ಇವರು ಕರ್ಣಕುಂಡಲದ ಗಿಡವೊಂದನ್ನು ಬೇರುಸಮೇತ ಕಿತ್ತು ತಂದು, ಬೇರು ತೊಳೆದು, ಕೆಂಪು ಮಸಿ ಬೆರೆಸಿದ ನೀರಿನ ಲೋಟದಲ್ಲಿ ನಿಲ್ಲಿಸಿ ಕಿಟಕಿಯಲ್ಲಿಟ್ಟರು. ಆ ಗಿಡದ ಕಾಂಡ ತೆಳು ಬಣ್ಣದ್ದು, ಒಳಗಿನದು ಕಾಣುವಂಥದ್ದು. ಗಣಿತದ ಪೀರಿಯಡ್ಡು ಮುಗಿಯುವಷ್ಟರಲ್ಲಿ ಕಾಂಡದೊಳಗೆ ಕೆಂಪು ಎಳೆಗಳು ಮೇಲಕ್ಕೆ ಹತ್ತಿದ್ದವು. ಊಟದ ಬೆಲ್ಲಿನ ಹೊತ್ತಿಗೆ ಎಲೆಯ ನರಗಳೂ ಕೆಂಪಾಗಿದ್ದವು. ಮೇಷ್ಟ್ರು ಕಾಂಡವನ್ನು ಬ್ಲೇಡಿನಿಂದ ಅಡ್ಡಕ್ಕೆ ಕುಯ್ದು, ಅದರಲ್ಲಿದ್ದ ಕೆಂಪು ಚುಕ್ಕಿಗಳನ್ನು ನಮ್ಮ ಒಬ್ಬೊಬ್ಬರ ಕಣ್ಣಿನ ಹತ್ತಿರ ಹಿಡಿದು ತೋರಿಸಿದರು. ಇದು ಕ್ಸೈಲಂ, ನೀರು ಹತ್ತುವ ದಾರಿ, ಎಂದರು. ಪಂಪಿಲ್ಲ, ಮೋಟರಿಲ್ಲ, ಎಲೆಗಳಿಂದ ನೀರು ಆವಿಯಾಗುತ್ತಾ ಕೆಳಗಿನ ನೀರನ್ನು ಎಳೆಯುತ್ತದೆ, ಎಂದರು. ನನಗೆ ಮೈ ಜುಮ್ಮೆಂದಿತು. ಅಷ್ಟು ದಿನ ನೋಡಿದ ಗಿಡಮರಗಳೆಲ್ಲ ಒಳಗೊಳಗೇ ಇಷ್ಟು ಕೆಲಸ ಮಾಡುತ್ತಿದ್ದವು, ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಅವರು ಬೋರ್ಡಿನ ಮೇಲೆ ಒಂದು ಮರ ಬರೆದು, ಅದರ ಕಾಂಡದ ಸುತ್ತ ಎರಡು ಗೆರೆ ಎಳೆದರು. ಆ ಗೆರೆಗಳ ನಡುವೆ ತೊಗಟೆಯನ್ನು ಬಳೆಯ ಹಾಗೆ ಸುಲಿದರೆ ಏನಾಗುತ್ತದೆ ಎಂದು ಕೇಳಿದರು. ನಾನು ಎದ್ದು ನಿಂತೆ.

“ಮರ ಬಾಡೋಯ್ತದೆ ಸಾ.”

“ಬಾಡಲ್ಲ ಕಣಮ್ಮ. ನೀರಿನ ದಾರಿ ಒಳಗಡೆ ಕಟ್ಟಿಗೆಯಲ್ಲಿದೆ, ಅದನ್ನ ನಾವು ಮುಟ್ಟಿಲ್ಲ. ತೊಗಟೆಯಲ್ಲಿರೋದು ಫ್ಲೋಯಂ. ಎಲೆ ತಯಾರಿಸಿದ ಊಟ ಕೆಳಗೆ ಬೇರಿಗೆ ಹೋಗೋ ದಾರಿ. ಅದು ಕಟ್ಟಾದರೆ ಊಟ ಮೇಲೇ ನಿಲ್ತದೆ. ಸ್ವಲ್ಪ ದಿನ ಬಿಟ್ಟು ನೋಡಿದ್ರೆ, ಉಂಗುರದ ಮೇಲಿನ ಅಂಚು ಊದ್ಕೊಂಡಿರ್ತದೆ.”

ಅಲ್ಲಿಗೆ ಬೆಲ್ಲು ಹೊಡೆಯಿತು. ಅದು ಶುಕ್ರವಾರ.

ಭಾನುವಾರ ನಮ್ಮ ಗದ್ದೆಯಲ್ಲಿ ನಾಟಿ. ಮನೆಯವರೆಲ್ಲ ಹೋಗಿದ್ದರು, ಅಜ್ಜಿ ಕೂಡ ಬುತ್ತಿ ಹೊತ್ತು ಹೋಗಿದ್ದಳು. ನನ್ನನ್ನು ದನ ನೋಡಿಕೊಳ್ಳಲು ಬಿಟ್ಟಿದ್ದರು. ಮಧ್ಯಾಹ್ನ ನಾನು ಗೋಡೆಗೆ ಸಿಕ್ಕಿಸಿದ್ದ ಕುಡುಗೋಲು ತೆಗೆದುಕೊಂಡು ಹಿತ್ತಿಲಿಗೆ ಹೋದೆ. ಕೊಂಬೆಯ ಮೇಲೆ ಮಾಡಬಹುದೆಂದು ಹೊಳೆಯಲಿಲ್ಲ. ಬೋರ್ಡಿನ ಚಿತ್ರದಲ್ಲಿದ್ದದ್ದು ಕಾಂಡ, ನಾನು ಕಾಂಡಕ್ಕೇ ಕೈ ಹಾಕಿದೆ. ಬುಡದ ಸುತ್ತ ಕೆಸವಿನ ಗಿಡಗಳು ಸೊಂಟದೆತ್ತರ ಬೆಳೆದಿದ್ದವು. ಅವುಗಳ ನಡುವೆ ಮೊಣಕಾಲೂರಿ ಕೂತು, ಮೊಣಕಾಲೆತ್ತರದಲ್ಲಿ ಒಂದು ಗೆರೆ, ಅದಕ್ಕಿಂತ ನಾಲ್ಕು ಬೆರಳು ಮೇಲೆ ಇನ್ನೊಂದು ಗೆರೆ ಕೊಯ್ದೆ. ಮಳೆಗಾಲದ ತೊಗಟೆ, ಉಗುರು ಹಾಕಿ ಎಳೆದರೆ ಹಸಿ ಚರ್ಮದ ಹಾಗೆ ಬಿಟ್ಟುಕೊಂಡು ಬಂತು. ಒಳಗಿನ ಕಟ್ಟಿಗೆ ಬೆಳ್ಳಗೆ, ಜಾರುವ ಹಾಗೆ ಇತ್ತು. ಮುಟ್ಟಿದರೆ ತಣ್ಣಗಿತ್ತು. ಒಂದು ಎಳೆಯೂ ಉಳಿಯದ ಹಾಗೆ ಕೆರೆದೆ, ಪ್ರಯೋಗ ಕೆಡಬಾರದಲ್ಲ ಎಂದು. ಸುಲಿದ ತೊಗಟೆಯನ್ನು ತಿಪ್ಪೆಯಲ್ಲಿ ಹೂತು ಕೈ ತೊಳೆದುಕೊಂಡೆ. ಆ ದಿನದ ಸಂತೋಷ ನನಗೆ ಇವತ್ತಿಗೂ ನೆನಪಿದೆ. ಊದಿಕೊಂಡಾಗ ಚಿಕ್ಕಪ್ಪನನ್ನು ಕರೆದು ತೋರಿಸಿ, ಎಲ್ಲ ವಿವರಿಸಬೇಕೆಂದುಕೊಂಡಿದ್ದೆ.

ಮುಂದಿನ ವಾರ ಮೇಷ್ಟ್ರು ಬಿಟ್ಟ ಕಡೆಯಿಂದಲೇ ಪಾಠ ಶುರುಮಾಡಿದರು. ಉಂಗುರದ ಕೆಳಗೆ ಊಟ ಇಳಿಯದೆ ಬೇರು ತನ್ನಲ್ಲಿ ಕೂಡಿಟ್ಟುಕೊಂಡಿದ್ದನ್ನೇ ತಿಂದುಕೊಂಡು ಸ್ವಲ್ಪ ಕಾಲ ಇರುತ್ತದೆ. ಅದೂ ಮುಗಿದ ಮೇಲೆ ಬೇರು ಸಾಯುತ್ತದೆ. ಬೇರು ಸತ್ತರೆ ನೀರೂ ಹತ್ತುವುದಿಲ್ಲ. ಆದ್ದರಿಂದ ಈ ಪ್ರಯೋಗವನ್ನು ಯಾರೂ ಒಳ್ಳೆಯ ಮರದ ಮೇಲೆ ಮಾಡಬಾರದು, ಎಂದರು. ನಾನು ನೋಟ್ ಪುಸ್ತಕದಲ್ಲಿ ಅಷ್ಟನ್ನೂ ಬರೆದುಕೊಂಡೆ. ಸಂಜೆ ತಿಪ್ಪೆ ಕೆದಕಿದರೆ ತೊಗಟೆ ಕೊಳೆತಿತ್ತು. ಗಾಯಕ್ಕೆ ಸಗಣಿ ಮೆತ್ತಿದೆ. ಮಳೆಗೆ ಅದು ತೊಳೆದುಹೋಯಿತು, ಮತ್ತೆ ಮೆತ್ತಿದೆ. ತೊಗಟೆ ಮತ್ತೆ ಬೆಳೆದು ಕೂಡಿಕೊಳ್ಳುತ್ತದೆ ಎಂದು ದಿನಾ ಎಲೆ ಸರಿಸಿ ನೋಡುತ್ತಿದ್ದೆ. ಕೂಡಿಕೊಳ್ಳಲಿಲ್ಲ.

ಆ ವರ್ಷ ಮರದಲ್ಲಿ ಕಾಯಿಗಳು ಎಂದೂ ಇಲ್ಲದಷ್ಟು ದಪ್ಪವಾದವು. ಕೆಳಗಿಳಿಯಬೇಕಾದ್ದೆಲ್ಲ ಮೇಲೇ ಉಳಿದಿತ್ತಲ್ಲ. ಗೌರಿ ಹಬ್ಬದ ಬಾಗಿನದಲ್ಲಿ ಇಟ್ಟ ಹಣ್ಣನ್ನು ಬೀದಿಯ ಹೆಂಗಸರು ಎತ್ತಿ ಎತ್ತಿ ನೋಡಿದರು. ಅಜ್ಜಿ ಎಲ್ಲರಿಗೂ, “ನನ್ ಮಗ್ಳು ಈ ಸಲ ಮನ್ಸ್ ಪೂರ್ತಿಯಾಗಿ ಬಂದವ್ಳೆ” ಎಂದು ಹೇಳುತ್ತಾ ಓಡಾಡಿದಳು. ಅವಳು ಹಾಗೆ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನನ್ನ ಕೈಗೂ ಒಂದು ತೊಳೆ ಕೊಟ್ಟಳು. ತಿಂದೆ. ತುಂಬ ಸಿಹಿಯಾಗಿತ್ತು.

ದೀಪಾವಳಿಗೆ ಮುಂಚೆ ಕೆಸವಿನ ಗೆಡ್ಡೆ ಕೀಳಲೆಂದು ಅಜ್ಜಿ ಆ ಗಿಡಗಳನ್ನೆಲ್ಲ ಕೊಯ್ದಳು. ಚಿಕ್ಕಮ್ಮ ಅದೇ ವಾರ ಹೆಣ್ಣು ಕೂಸು ಎತ್ತಿಕೊಂಡು ತವರಿನಿಂದ ಬಂದಿದ್ದಳು; ಸುಮ ಎಂದು ಹೆಸರಿಟ್ಟಿದ್ದರು. ನಾವೆಲ್ಲ ಕೂಸಿನ ಸುತ್ತ ಕೂತಿದ್ದಾಗ ಹಿತ್ತಿಲಿನಿಂದ ಅಜ್ಜಿಯ ದನಿ ಕೇಳಿತು. ಹೋಗಿ ನೋಡಿದರೆ ಅವಳು ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಉಂಗುರದ ಮೇಲಿನ ಅಂಚು ಬಾವು ಬಂದ ಹಾಗೆ ಊದಿ, ಅಲ್ಲಲ್ಲಿ ಅಂಟು ಸುರಿದು ಗಟ್ಟಿಯಾಗಿತ್ತು. ಕೆಳಗಿನ ಅಂಚು ಒಣಗಿ ಸೀಳಿತ್ತು. ನಡುವೆ ಕಟ್ಟಿಗೆ ಕಪ್ಪಾಗಿತ್ತು.

“ಯಾರು ಇದ್ನ ಕುಯ್ದೋರು?” ಎಂದಳು ಅಜ್ಜಿ. ಕೇಳುವಾಗಲೇ ಅವಳು ಚಿಕ್ಕಪ್ಪನ ಮುಖ ನೋಡುತ್ತಿದ್ದಳು.

“ನನ್ಯಾಕ್ ನೋಡ್ತೀಯವ್ವ? ನಾನ್ ಮುಟ್ಟಿಲ್ಲ.”

“ಒಂದಿನ ಇರಾಕಿಲ್ಲ ಅಂದೋನು ನೀನೇ ಅಲ್ವಾ?”

“ಅಂದೆ. ಬಾಯಲ್ಲಿ ಅಂದೆ. ಕಡೀಬೇಕು ಅಂದಿದ್ರೆ ಅಗಲೊತ್ತಲ್ಲೇ ಕೊಡ್ಲಿ ತಕ್ಕೊಂಡು ಕಡೀತಿದ್ದೆ, ಈ ಥರ ಕದ್ದು ಮಾಡ್ತಿರ್ಲಿಲ್ಲ.”

ಅಪ್ಪ ಏನಾದರೂ ಹೇಳಲಿ ಎಂದು ಚಿಕ್ಕಪ್ಪ ಅವನ ಕಡೆ ತಿರುಗಿದ. ಅಪ್ಪ ಉಂಗುರವನ್ನೇ ನೋಡುತ್ತಾ ನಿಂತಿದ್ದ. ಆಗ ಚಿಕ್ಕಪ್ಪ ಚಿಕ್ಕಮ್ಮನ ಕೈಯಿಂದ ಕೂಸನ್ನು ಎತ್ತಿಕೊಂಡು, ಅದರ ನೆತ್ತಿಯ ಮೇಲೆ ಕೈಯಿಟ್ಟ.

“ಈ ಮಗಿನ ಮೇಲಾಣೆ. ನಾನ್ ಕುಯ್ದಿಲ್ಲ.”

ಚಿಕ್ಕಮ್ಮ ಅಳುತ್ತಾ ಕೂಸನ್ನು ಕಿತ್ತುಕೊಂಡಳು. ಆದರೂ ಅಜ್ಜಿಗೆ ಕೇಳುವ ಹಾಗೆ, “ನನ್ ಗಂಡ ಮಗಿನ ಮೇಲೆ ಸುಳ್ ಆಣೆ ಮಾಡಲ್ಲ” ಎಂದಳು. ಅಜ್ಜಿ ಎದ್ದು ಒಳಗೆ ಹೋದಳು. ಅಂದಿನಿಂದ ಚಿಕ್ಕಮ್ಮ ಬಡಿಸಿದ ಅನ್ನವನ್ನು ಅವಳು ಮುಟ್ಟಲಿಲ್ಲ.

ಮಾರನೆಯ ಬೆಳಿಗ್ಗೆ ಅವ್ವ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ನಾನು ಕರುವಿನ ಹಗ್ಗ ಹಿಡಿದು ನಿಂತಿದ್ದೆ. ಹೇಳಿಬಿಟ್ಟೆ. ಮೇಷ್ಟ್ರು, ಬೋರ್ಡು, ಕುಡುಗೋಲು, ಎಲ್ಲ. ಅವ್ವನ ಕೈ ನಿಂತಿತು. ಹೊಡೆಯುತ್ತಾಳೆಂದು ಕಣ್ಣು ಮುಚ್ಚಿಕೊಂಡೆ. ಅವಳು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು.

“ಇನ್ಯಾರ್ಗಾದ್ರೂ ಯೋಳಿದ್ಯಾ?”

“ಇಲ್ಲ.”

“ಯೋಳ್ಬ್ಯಾಡ.”

“ಚಿಕ್ಕಪ್ಪನ್ನ ಬಯ್ತಾವ್ರಲ್ಲವ್ವ.”

“ಅವ್ನು ಗಂಡ್ಸು. ನಾಕ್ ದಿನ ಬಯ್ಸ್ಕತಾನೆ, ಆಮೇಲೆ ತಣ್ಣಗಾಯ್ತದೆ. ನೀನು ಅಂತ ಗೊತ್ತಾದ್ರೆ ನಿಮ್ಮಜ್ಜಿ ನಾಳೆನೇ ಇಸ್ಕೂಲ್ ಬುಡಿಸ್ತಾಳೆ. ಎಣ್ಮಗ ಓಗಿ ಕಲ್ತಿದ್ದು ಇದೇನಾ ಅಂತಾಳೆ. ಆಮೇಲೆ ಯಾರು ಸೇರಿಸ್ತಾರೆ ನಿನ್ನ? ನನ್ ಥರಾನೇ ಸಗಣಿ ಬಾಚ್ಕೊಂಡು ಇರ್ತೀಯಾ?”

ಅವ್ವನಿಗೆ ಓದು ಬರುತ್ತಿರಲಿಲ್ಲ. ನನ್ನ ನೋಟ್ ಪುಸ್ತಕಗಳನ್ನು ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು. ಅವಳು ಮತ್ತೆ ಕರೆಯಲು ಶುರುಮಾಡಿದಳು. ನಾನು ಹಗ್ಗ ಹಿಡಿದು ನಿಂತೇ ಇದ್ದೆ. ನಾಲ್ಕು ದಿನ ಎಂಬುದನ್ನು ನಂಬಿದೆ. ನಂಬಲು ಅನುಕೂಲವಾಗಿತ್ತು.

ಆ ಮರವನ್ನು ಉಳಿಸಲು ಓಡಾಡಿದವನು ಚಿಕ್ಕಪ್ಪ. ಅರಕಲಗೂಡಿನ ಹತ್ತಿರ ಮಾವಿನ ಕಸಿ ಕಟ್ಟುವವನೊಬ್ಬನಿದ್ದಾನೆಂದು ಕೇಳಿ, ಸೈಕಲ್ಲಿನಲ್ಲೇ ಹೋಗಿ, ಸಂಜೆ ಸುಸ್ತಾಗಿ ಬಂದ. ಸುಲಿದ ಜಾಗದ ಮೇಲೂ ಕೆಳಗೂ ತೊಗಟೆ ಸೀಳಿ, ಅದೇ ಮರದ ಎಳೆಯ ಕಡ್ಡಿಗಳನ್ನು ಸೇತುವೆಯ ಹಾಗೆ ಸಿಕ್ಕಿಸಿ ಕಟ್ಟಿದರೆ, ಅದೃಷ್ಟವಿದ್ದರೆ ಕೂಡಿಕೊಳ್ಳುತ್ತದಂತೆ. ಮರುದಿನ ಬೆಳಿಗ್ಗೆ ಅವನು ಕಡ್ಡಿಗಳನ್ನು ಎರಡು ಕಡೆಯೂ ಚೂಪಾಗಿ ಹೆರೆದ. ನಾನು ಒಂದೊಂದೇ ಎತ್ತಿ ಅವನ ಕೈಗೆ ಕೊಡುತ್ತಿದ್ದೆ. ಬಾಳೆನಾರಿನಿಂದ ಕಟ್ಟಿ, ಮೇಲೆ ಕೆಮ್ಮಣ್ಣು ಸಗಣಿ ಮೆತ್ತಿ, ಗೋಣಿ ಸುತ್ತಿದ. ಅಜ್ಜಿ ಬಚ್ಚಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ತಪ್ಪು ಮಾಡ್ದೋನ್ಗೇ ಅಷ್ಟು ಸಂಕ್ಟ ಇರಾದು,” ಎಂದು ಅವ್ವನ ಕಡೆ ತಿರುಗಿ ಹೇಳಿದಳು. ಅವ್ವ ಬಿಂದಿಗೆ ಎತ್ತಿಕೊಂಡು ಒಳಗೆ ಹೋದಳು.

ಚಿಕ್ಕಪ್ಪ ಅದು ಕೇಳಿಸದವನ ಹಾಗೆ ಗೋಣಿಯ ಗಂಟು ಬಿಗಿ ಮಾಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಕೇಳಿದ.

“ಯಾರ್ ಮಾಡಿರ್ಬೋದು ಜಯಾ? ನಿಂಗೇನಾದ್ರೂ ಅಂದಾಜೈತಾ?”

“ಗೊತ್ತಿಲ್ಲ ಚಿಕ್ಕಪ್ಪ.”

“ಇಷ್ಟು ಸುತ್ತಾಗಿ, ಒಂದೆಳೆ ಬುಡ್ದಂಗೆ ಕುಯ್ದವ್ನೆ ನೋಡು. ತಿಳ್ದೋನೇ ಇರ್ಬೇಕು.”

ಕಸಿ ಕೂಡಲಿಲ್ಲ. ಚಳಿಗಾಲದಲ್ಲಿ ತೊಗಟೆ ಬಿಗಿದುಕೊಂಡಿತ್ತು, ಕೆಳಗಿನ ಭಾಗ ಆಗಲೇ ಸೊರಗಿತ್ತು. ತಿಂಗಳಾದ ಮೇಲೆ ಗೋಣಿ ಬಿಚ್ಚಿದಾಗ ಕಡ್ಡಿಗಳು ಮುಟ್ಟಿದ ಕೂಡಲೇ ಕಳಚಿ ಕೆಳಗೆ ಬಿದ್ದವು. ಚಿಕ್ಕಪ್ಪ ಅವನ್ನು ಆರಿಸಿ ಒಲೆಯ ಸೌದೆಯ ಮೇಲೆ ಇಟ್ಟ. ಸಂಕ್ರಾಂತಿ ಕಳೆದ ಮೇಲೆ ಪಾಲಾಯಿತು. ಚಿಕ್ಕಪ್ಪ ಮನೆಯಲ್ಲಿ ತನಗೇನೂ ಬೇಡವೆಂದ. ಚನ್ನರಾಯಪಟ್ಟಣದ ಒಂದು ಕೊಬ್ಬರಿ ಮಂಡಿಯಲ್ಲಿ ಕೆಲಸ ಸಿಕ್ಕಿತ್ತು, ಅಲ್ಲಿಗೆ ಹೊರಟ. ಗಾಡಿಗೆ ಪಾತ್ರೆಪಡಗ ಏರಿಸುವಾಗ ಸೈಕಲ್ಲನ್ನು ಜಗಲಿಗೆ ಒರಗಿಸಿ, “ಇದು ಜಯಂಗೆ ಇರ್ಲಿ, ಇಸ್ಕೂಲ್ಗೆ ಬೇಕಾಯ್ತದೆ” ಎಂದ. ಅಜ್ಜಿ ಹೊರಗೆ ಬರಲಿಲ್ಲ.

ಮರ ಇನ್ನೂ ಒಂದೂಕಾಲು ವರ್ಷ ನಿಂತಿತ್ತು. ಮುಂದಿನ ಸಲ ಅದು ಹೂ ಬಿಟ್ಟ ಹಾಗೆ ನಾನು ಯಾವ ಮರವೂ ಬಿಟ್ಟಿದ್ದನ್ನು ನೋಡಿಲ್ಲ. ಎಲೆ ಕಾಣದಷ್ಟು ಹೂ. ಅಜ್ಜಿಗೆ ಮತ್ತೆ ಆಸೆ ಹುಟ್ಟಿತು. ಒಂದು ಬಿಂದಿಗೆ ಹಾಕುತ್ತಿದ್ದವಳು ನಾಲ್ಕು ಬಿಂದಿಗೆ ಹಾಕಲು ಶುರುಮಾಡಿದಳು. ಬಾವಿಯಿಂದ ಸೇದಿ, ಸೊಂಟ ಹಿಡಿದುಕೊಂಡು ಹೊತ್ತು ತಂದು ಹಾಕುತ್ತಿದ್ದಳು. ನೀರಿನ ದಾರಿ ನೆಟ್ಟಗಿದೆ, ಮರಕ್ಕೆ ಬಾಯಾರಿಲ್ಲ, ಬೇರು ಹಸಿದಿದೆ, ಅದಕ್ಕೆ ನಾವು ಊಟ ಕೊಡಲಾಗುವುದಿಲ್ಲ ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದೂ ಅವಳ ಜೊತೆ ಬಿಂದಿಗೆ ಹೊರುತ್ತಿದ್ದೆ. ಕಾಯಿಗಳು ನಿಂಬೆಹಣ್ಣಿನ ಗಾತ್ರಕ್ಕೆ ನಿಂತುಹೋದವು. ಮರುವರ್ಷದ ಬೇಸಗೆಯಲ್ಲಿ ಎಲೆಗಳು ಹಳದಿಯಾಗಿ, ಮುದುರಿ, ಉದುರದೆ ಕೊಂಬೆಯಲ್ಲೇ ಒಣಗಿದವು. ಅಜ್ಜಿ ಆಮೇಲೂ ಕೆಲವು ದಿನ ನೀರು ಹಾಕಿದಳು. ಅಪ್ಪ ಒಂದು ದಿನ ಬುಡ ಅಲುಗಿಸಿ ನೋಡಿದ. ಒಬ್ಬನೇ ತಳ್ಳಿ ಬೀಳಿಸುವಷ್ಟು ಬೇರು ಕೊಳೆತುಹೋಗಿತ್ತು.

ನಾನು ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದಾಗ ಅಜ್ಜಿ ಹಾಸಿಗೆ ಹಿಡಿದಳು. ಸುದ್ದಿ ಬಂದು ಊರಿಗೆ ಹೋದೆ. ಅದರ ಮಾರನೆಯ ಮಧ್ಯಾಹ್ನ ಚಿಕ್ಕಪ್ಪ, ಚಿಕ್ಕಮ್ಮ, ಆರೇಳು ವರ್ಷದ ಸುಮ ಬಂದರು. ಅಜ್ಜಿ ನಡುಮನೆಯಲ್ಲಿ ಮಲಗಿದ್ದಳು. ದನಿ ಕೇಳಿಯೇ ಯಾರೆಂದು ಗೊತ್ತಾಯಿತು. ಅಪ್ಪ ಬಗ್ಗಿ, ಬಂದವ್ನೆ ಕಣವ್ವ, ಒಳಿಕ್ ಕರೀಲಾ, ಎಂದು ಕೇಳಿದ.

“ಒಪ್ಕೊಂಡು ಒಳಿಕ್ ಬರ್ಲಿ,” ಎಂದಳು ಅಜ್ಜಿ.

ಚಿಕ್ಕಪ್ಪ ಹೊಸ್ತಿಲಾಚೆ ನಿಂತಿದ್ದ. ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು, ಟವೆಲನ್ನು ಕೈಯಲ್ಲಿ ಹಿಡಿದಿದ್ದ. ಅವನು ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಅವ್ವ ನನ್ನ ಕಡೆ ನೋಡಿದಳು. ಆಗ ನನಗೆ ಹತ್ತೊಂಬತ್ತು ವರ್ಷ. ಇಸ್ಕೂಲು ಬಿಡಿಸುವವರು ಯಾರೂ ಇರಲಿಲ್ಲ. ಬಾಯಿ ತೆರೆದರೆ ಎರಡೇ ಮಾತು ಸಾಕಿತ್ತು. ಸಾಯುವವಳಿಗೆ ಇದನ್ನು ಹೇಗೆ ಹೇಳುವುದು ಎಂದು ಅಂದುಕೊಂಡೆ. ಹಾಗೆ ಅಂದುಕೊಳ್ಳುತ್ತಾ ನಿಂತಿರುವಾಗ ಚಿಕ್ಕಪ್ಪ ಮಾತಾಡಿದ.

“ಊಂ ಕಣವ್ವ. ನಾನೇ ಕುಯ್ದೆ. ತಪ್ಪಾಯ್ತು.”

ಒಳಗೆ ಬಂದು ಅವಳ ಪಕ್ಕ ಕೂತು ತಲೆ ಬಗ್ಗಿಸಿದ. ಅಜ್ಜಿಗೆ ಕೈ ಎತ್ತಲು ಆಗುತ್ತಿರಲಿಲ್ಲ. ಅಪ್ಪ ಅವಳ ಮೊಣಕೈ ಹಿಡಿದು ಎತ್ತಿಕೊಟ್ಟ. ಅವಳು ಚಿಕ್ಕಪ್ಪನ ಕೂದಲೊಳಗೆ ಬೆರಳು ಆಡಿಸುತ್ತಾ, “ನನ್ ಕಂದ, ನನ್ ಕಂದ” ಎಂದು ಬಹಳ ಹೊತ್ತು ಹೇಳುತ್ತಿದ್ದಳು. ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು. ಅವಳು ಗಂಡನನ್ನು ನೋಡುತ್ತಿರಲಿಲ್ಲ, ಸುಮಳ ನೆತ್ತಿಯನ್ನು ನೋಡುತ್ತಿದ್ದಳು. ಮೂರನೇ ದಿನ ಅಜ್ಜಿ ಹೋದಳು.

ನಾನು ಸಸ್ಯಶಾಸ್ತ್ರವನ್ನೇ ಓದಿದೆ. ಹಾಸನದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಅದನ್ನೇ ಹೇಳಿಕೊಟ್ಟೆ. ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಉಂಗುರ ಬರೆಯಬೇಕಾಗುತ್ತಿತ್ತು. ಬರೆದೆ. ಅಪ್ಪ ಹೋದ, ಅವ್ವ ಹೋದಳು. ಅವ್ವ ಕೊನೆಯವರೆಗೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಿವೃತ್ತಿಯಾದ ಮೇಲೆ, ಹೋದ ವರ್ಷ, ಚಿಕ್ಕಮ್ಮ ತೀರಿಕೊಂಡ ಸುದ್ದಿ ಬಂತು. ತಿಥಿಗೆ ಹೋಗಲಾಗಿರಲಿಲ್ಲ. ಒಂದು ತಿಂಗಳು ಬಿಟ್ಟು ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಚಿಕ್ಕಪ್ಪ ಸುಮಳ ಮನೆಯಲ್ಲಿದ್ದ, ಕಾಂಪೌಂಡಿನೊಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಿಸಿಲು ಕಾಯುತ್ತಾ ಕೂತಿದ್ದ. ನನ್ನನ್ನು ಕಂಡು ಮುಖ ಅರಳಿತು. ಸುಮ ಕಾಫಿ ತರಲು ಒಳಗೆ ಹೋದಳು. ನಾನು ಇನ್ನೊಂದು ಕುರ್ಚಿ ಎಳೆದುಕೊಂಡು ಕೂತು, ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳನ್ನೆಲ್ಲ ಬಿಟ್ಟು, ಅಷ್ಟನ್ನೇ ಹೇಳಿದೆ.

“ಚಿಕ್ಕಪ್ಪ, ಆ ಚಕ್ಕೋತದ ಮರ ಕುಯ್ದಿದ್ದು ನಾನು.”

ಅವನು ಬಿಸಿಲಿಗೆ ಚಾಚಿದ್ದ ಕಾಲುಗಳನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ. ಕಿವಿ ಕೇಳಿಸಲಿಲ್ಲವೇನೋ ಎಂದು ಮತ್ತೆ ಹೇಳಲು ಹೋದೆ. ಅವನು ಕೈ ಎತ್ತಿ ತಡೆದ.

“ಕೇಳುಸ್ತು. ಇಸ್ಕೂಲ್ ಪ್ರಯೋಗ?”

“ಊಂ.”

“ಆಗ್ಲೇ ಯೋಳ್ಬೇಕಿತ್ತು ಕಣವ್ವ.”

“ನಾನು ಸುಮಂಗೆ ಹೇಳ್ತೀನಿ. ಈಗಲೇ ಹೇಳ್ತೀನಿ.”

“ಬ್ಯಾಡ.” ಅವನು ಅಡುಗೆಮನೆಯ ಕಿಟಕಿಯ ಕಡೆ ನೋಡಿದ. “ಅವ್ವನ ಮುಂದೆ ಒಪ್ಕೊಂಡ್ನಲ್ಲ, ಅವತ್ತಿಂದ ನಿಮ್ ಚಿಕ್ಕಮ್ಮ ನನ್ ಜೊತೆ ನೆಟ್ಟಗೆ ಮಾತಾಡ್ಲಿಲ್ಲ. ಮಗಿನ ಮೇಲೆ ಸುಳ್ ಆಣೆ ಮಾಡಿದ್ಯಲ್ಲ ಅಂತ. ಒಪ್ಕೊಂಡಿದ್ದು ಸುಳ್ಳು ಕಣೆ ಅಂದೆ. ಎಷ್ಟೋ ಸಲ ಅಂದೆ. ಎರಡ್ರಲ್ಲಿ ಯಾವ್ದು ಸುಳ್ಳು ಅಂತ ನಾನ್ ಎಂಗೆ ನಂಬ್ಲಿ ಅಂದ್ಲು. ಅಂಗೇ ಓದ್ಲು. ಈಗ ನೀನು ಬಂದು ಯೋಳುದ್ರೆ, ಸತ್ತೋಳ್ದು ತಪ್ಪು ಅಂತಾಯ್ತದೆ. ಸುಮ ಅವರಮ್ಮನ ಮ್ಯಾಲೆ ಜೀವ ಮಡಿಕ್ಕೊಂಡವ್ಳೆ.”

“ನಿಂದು, ಚಿಕ್ಕಪ್ಪ? ನಿನ್ನ ಹೆಸರು?”

“ನಾನೇ ಕುಯ್ದೆ ಅಂದ್ಮೇಲೇ ಅವ್ವ ನನ್ ತಲೆ ಮ್ಯಾಲೆ ಕೈ ಮಡುಗಿದ್ದು. ಅದೊಂದು ಸಿಕ್ತು. ನಾನ್ ತಪ್ಪೇ ಮಾಡಿಲ್ಲ ಅಂದ್ರೆ ಅದಕ್ಕೇನ್ ಅರ್ಥ ಬತ್ತದೆ? ಸುಮ್ಕಿರು.”

ಸುಮ ಕಾಫಿ ತಂದಳು. ಮೂವರೂ ಕುಡಿದೆವು. ಚಿಕ್ಕಪ್ಪ ನನ್ನ ಪೆನ್ಷನ್ನು, ಮಂಡಿನೋವು ವಿಚಾರಿಸಿದ. ಎದ್ದಾಗ ಅವನ ಕಾಲಿಗೆ ನಮಸ್ಕಾರ ಮಾಡಿದೆ. ಅವನು ಕುರ್ಚಿಯ ಕೈ ಹಿಡಿದುಕೊಂಡು ರಸ್ತೆಯ ಕಡೆ ನೋಡುತ್ತಿದ್ದ. ಸುಮ ನನ್ನನ್ನು ಗೇಟಿನವರೆಗೆ ಬಿಡಲು ಬಂದಳು. ನಲವತ್ತು ದಾಟಿದ ಹೆಂಗಸು, ಮುಖದಲ್ಲಿ ಥೇಟ್ ಚಿಕ್ಕಮ್ಮ. ಗೇಟಿನ ಚಿಲಕ ತೆಗೆಯುತ್ತಾ ದನಿ ತಗ್ಗಿಸಿ ಕೇಳಿದಳು.

“ಅಪ್ಪ ಏನೋ ತುಂಬ ಹೊತ್ತು ಹೇಳ್ತಾ ಇದ್ರಲ್ಲ ಅಕ್ಕ, ಮರದ ವಿಷಯಾನಾ? ನಾನು ಮಾಡಿಲ್ಲ ಅಂದ್ರಾ? ಅಮ್ಮನ ಹತ್ರಾನೂ ಹಾಗೇ ಹೇಳೋರು. ಅವರ ಮಾತು ನೀವು ಮನಸ್ಸಿಗೆ ಹಚ್ಕೋಬೇಡಿ.”

ನಾನು ಹೂಂ ಎಂದೆ.